ಕಂಠದಾನಕ್ಕೆ ಒಳ್ಳೆಯ ಕಂಠ ಬೇಕೇ?

ಧ್ವನಿ ಅಭಿನಯವನ್ನು ಹೇಳಿಕೊಡಲು ತೊಡಗಿದ ಮೇಲೆ ನನಗೆ ಮತ್ತೆ ಮತ್ತೆ ಎದುರಾಗಿರುವ ಪ್ರಶ್ನೆ ಒಂದೇ: "ಸರ್, ನನ್ನ ಕಂಠ ಅಷ್ಟೇನೂ ಚೆನ್ನಾಗಿಲ್ಲ, ನಾನು ಕಂಠದಾನ ಮಾಡಬಹುದೇ?" ಕೇಳುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಜಾಹೀರಾತುಗಳಲ್ಲಿ ಕೇಳಿಬರುವ ಗುಡುಗಿನಂತಹ ಗಂಡುದನಿ ಅಥವಾ ಜೇನಿನಲ್ಲಿ ಅದ್ದಿ ತೆಗೆದಂತಹ ಹೆಣ್ಣುದನಿ. ತಪ್ಪು ಅವರದಲ್ಲ. ನಮ್ಮ ಚಿತ್ರರಂಗ ಬಳಕೆಗೆ ತಂದ 'ಕಂಠದಾನ' ಎಂಬ ಪದವೇ, ಕಲಾವಿದರು ಕೊಡುವುದು ಕಂಠವನ್ನು ಮಾತ್ರ ಎಂಬ ಭಾವನೆಯನ್ನು ಮೂಡಿಸುತ್ತದೆ. ಆದ್ದರಿಂದ ನಾನು ಹೌದು ಎಂದಾಗಲಿ ಇಲ್ಲ ಎಂದಾಗಲಿ ಹೇಳುವ ಮೊದಲು ಪೀಟರ್ ಹಾಕಿನ್ಸ್ ಎಂಬ ಬ್ರಿಟಿಷ್ ನಟರ ವೃತ್ತಿಜೀವನವನ್ನು ಅವರ ಮುಂದಿಡುತ್ತೇನೆ.

1924ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಹಾಕಿನ್ಸ್ ಅವರ ಮುಖವನ್ನು ಗುರುತಿಸಬಲ್ಲವರು ಬ್ರಿಟನ್ನಿನಲ್ಲಿಯೂ ಹೆಚ್ಚು ಜನ ಇರಲಿಲ್ಲ. ಆದರೆ ಐವತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಅಲ್ಲಿ ಟಿವಿಯ ಮುಂದೆ ಬೆಳೆದ ಮಕ್ಕಳಲ್ಲಿ ಅವರ ದನಿಯನ್ನು ಕೇಳದವರು ಇರಲಿಕ್ಕಿಲ್ಲ.

1952ರಲ್ಲಿ ಬಿಬಿಸಿ ಪುಟ್ಟ ಮಕ್ಕಳಿಗಾಗಿ 'ಫ್ಲವರ್ ಪಾಟ್ ಮೆನ್' ಎಂಬ ಸೂತ್ರದ ಗೊಂಬೆಯಾಟವನ್ನು ಆರಂಭಿಸಿತು. ತೋಟದ ಮಾಲಿ ಊಟಕ್ಕೆ ಹೋದೊಡನೆ ಎರಡು ಹೂಕುಂಡಗಳೊಳಗಿಂದ ಬಿಲ್ ಮತ್ತು ಬೆನ್ ಎಂಬ ಗೊಂಬೆಗಳು ಮೇಲೇಳುತ್ತವೆ, ಇಬ್ಬರಲ್ಲಿ ಒಬ್ಬ ಏನೋ ಎಡವಟ್ಟು ಮಾಡುತ್ತಾನೆ, ಮಾಡಿದವನು ಬಿಲ್ಲೋ ಬೆನ್ನೋ ಎಂಬುದೇ ಕಥೆ. ಈ ಇಬ್ಬರಿಗೂ ಹಾಕಿನ್ಸ್ ಅವರೇ ದನಿ. ಆದರೆ ಅವರು ಆಡುತ್ತಿದ್ದುದು ಇಂಗ್ಲಿಷನ್ನಲ್ಲ. 'ಫ್ಲಾಬಡಾಬ್' ಎನ್ನುವಂತಹ, ನೀರಿನೊಳಗಿಂದ ಗುಳ್ಳೆಗಳು ಎದ್ದು ಒಡೆಯುವಂತೆ ಕೇಳುವ ಒಂದು ಸ್ವಂತ ಭಾಷೆಯನ್ನು. ಇದನ್ನು ಕೇಳಿದರೆ ಮಕ್ಕಳ ಮಾತು ಕೆಡುತ್ತದೆ ಎಂಬ ಆಕ್ಷೇಪಗಳೂ ಆಗ ಬಂದವು. ನನ್ನ ಕಿವಿಗೆ ಬೀಳುವುದು ಬೇರೆಯದೇ ಸಂಗತಿ. ಆ ಭಾಷೆಯಲ್ಲಿ ಅರ್ಥವಾಗುವ ಪದಗಳು ಬಹಳ ಕಡಿಮೆ, ಆದರೂ ಪ್ರಶ್ನೆ ಎಲ್ಲಿ ಮುಗಿಯಿತು, ಗಾಬರಿ ಎಲ್ಲಿ ಶುರುವಾಯಿತು, ತಪ್ಪನ್ನು ಮುಚ್ಚಿಡುವ ಪ್ರಯತ್ನ ಎಲ್ಲಿದೆ ಎಂಬುದೆಲ್ಲ ಮೂರು ವರ್ಷದ ಮಗುವಿಗೂ ತಿಳಿಯುತ್ತದೆ.

1957ರಲ್ಲಿ ಜಾನ್ ರಯಾನ್ ಅವರ 'ಕ್ಯಾಪ್ಟನ್ ಪಗ್‌ವಾಶ್' ಬಂದಿತು. ರಟ್ಟಿನ ಚಿತ್ರಗಳನ್ನು ಸನ್ನೆಪಟ್ಟಿಗಳಿಂದ ಕ್ಯಾಮೆರಾದ ಮುಂದೆ ಆ ಕ್ಷಣದಲ್ಲಿಯೇ ಆಡಿಸುತ್ತಿದ್ದ ಈ ಕಾರ್ಯಕ್ರಮದಲ್ಲಿ ಹೇಡಿ ಕ್ಯಾಪ್ಟನ್, ಅವನ ವೈರಿಯಾದ ಕಡಲ್ಗಳ್ಳ, ಜಾಣ ಹುಡುಗ ಟಾಮ್, ಹೀಗೆ ಎಲ್ಲರೂ ಹಾಕಿನ್ಸ್ ಅವರ ಒಂದೇ ಬಾಯಿಂದ ಬಂದವರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹಲವು ದನಿಗಳನ್ನು ಮಾಡುವುದನ್ನೇ ಪ್ರತಿಭೆಯ ಅಳತೆಗೋಲು ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ.

ನಾನು ವಿವರವಾಗಿ ಹೇಳಬೇಕಾದದ್ದು 1963ರ ಡಿಸೆಂಬರಿನ ಸಂಗತಿ. ಬಿಬಿಸಿಯ 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಾಗಿ ಲೇಖಕ ಟೆರ್ರಿ ನೇಷನ್ ಡಾಲೆಕ್ ಎಂಬ ಜೀವಿಗಳನ್ನು ಕಲ್ಪಿಸಿದ್ದರು: ಲೋಹದ ಕವಚದೊಳಗೆ ಅಡಗಿದ, ತಮ್ಮ ಕುಲವಲ್ಲದ ಎಲ್ಲವನ್ನೂ ದ್ವೇಷಿಸುವ ಜೀವಿಗಳು. ಕವಚದೊಳಗೆ ಕುಳಿತು ಅದನ್ನು ನಡೆಸುವವನು ಒಬ್ಬ, ಮೈಕಿನ ಮುಂದೆ ಕುಳಿತು ಮಾತನಾಡುವವನು ಇನ್ನೊಬ್ಬ. ಮಾತಿಗೆ ಸರಿಯಾಗಿ ತಲೆಯ ಮೇಲಿನ ದೀಪಗಳನ್ನು ಮಿನುಗಿಸುವ ಕೆಲಸ ಒಳಗಿದ್ದವನದು. ಹಾಕಿನ್ಸ್ ಮತ್ತು ಡೇವಿಡ್ ಗ್ರಹಾಂ ಈ ದನಿಗಳನ್ನು ನೀಡಿದರು. ಅದನ್ನು ರಿಂಗ್ ಮಾಡ್ಯುಲೇಟರ್ ಎಂಬ ಸಾಧನದ ಮೂಲಕ ಹಾಯಿಸಿದವರು ವಿಶೇಷ ಸದ್ದುಗಳನ್ನು ಸೃಷ್ಟಿಸುತ್ತಿದ್ದ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್ ವಿಭಾಗದ ಬ್ರಯನ್ ಹಾಡ್ಜ್‌ಸನ್.

ಹಾಗಾದರೆ ಆ ದನಿ ಯಂತ್ರದ್ದೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಲ್ಲ. ಈ ಸಾಧನವು ನಟನ ದನಿಯನ್ನು ಬಹಳ ತಗ್ಗಿನ, ಸುಮಾರು 30 ಹರ್ಟ್ಸ್‌ನ ಒಂದು ನಾದದೊಂದಿಗೆ ಗುಣಿಸುತ್ತದೆ, ಆಗ ದನಿಯೊಳಗಿನ ಪ್ರತಿಯೊಂದು ನಾದವೂ ಎರಡಾಗಿ ಸೀಳಿ ಕಂಪಿಸತೊಡಗುತ್ತದೆ. ಆದರೆ ಈ ಕಂಪನ ಚೆನ್ನಾಗಿ ಹಿಡಿಯುವುದು ಸ್ವರಾಕ್ಷರಗಳ ಮೇಲೆ ಮಾತ್ರ; ಸಕಾರ, ಟಕಾರಗಳು ಹೆಚ್ಚೇನೂ ಬದಲಾಗದೆ ಹಾದುಹೋಗುತ್ತವೆ. ನಾವು ನಿತ್ಯ ಮಾತನಾಡುವ ವೇಗದಲ್ಲಿ ಓದಿದರೆ ಕೇಳುವುದು ಕೆಟ್ಟುಹೋದ ಟೆಲಿಫೋನಿನ ಗೊರಗೊರ ಸದ್ದು. ಸ್ವರಗಳನ್ನು ಎಳೆದು, ಅಕ್ಷರ ಅಕ್ಷರವನ್ನೂ ಬಿಡಿಸಿ, ಶ್ರುತಿಯನ್ನು ಒಂದೇ ಮಟ್ಟದಲ್ಲಿ ಹಿಡಿದು ಹೇಳಿದಾಗ ಮಾತ್ರ ಯಂತ್ರಕ್ಕೆ ಕೆಲಸ ಮಾಡಲು ಏನಾದರೂ ಸಿಗುತ್ತದೆ. 'ಎಕ್ಸ್‌ಟರ್ಮಿನೇಟ್' (ನಿರ್ನಾಮ ಮಾಡು) ಎಂಬ ಡಾಲೆಕ್‌ಗಳ ಪ್ರಸಿದ್ಧ ಪದವನ್ನೇ ನೋಡಿ: 'ನೇ' ಎಂಬಲ್ಲಿ ಸ್ವರ ಉದ್ದವಾಗುತ್ತದೆ, ಮತ್ತೆ ಮತ್ತೆ ಹೇಳಿದಂತೆಲ್ಲ ಶ್ರುತಿ ಮೇಲೇರಿ ಉನ್ಮಾದಕ್ಕೆ ತಲುಪುತ್ತದೆ. ಕವಚದೊಳಗೆ ಇರುವುದು ಯಂತ್ರವಲ್ಲ, ಕೋಪದಿಂದ ತನ್ನನ್ನೇ ತಾನು ಹಿಡಿದುಕೊಳ್ಳಲಾಗದ ಒಂದು ಜೀವಿ ಎಂಬುದು ನಮಗೆ ಗೊತ್ತಾಗುವುದು ಆ ಏರಿಕೆಯಿಂದ. ಆ ಏರಿಕೆಯನ್ನು ಕೊಡುವುದು ಸಾಧನವಲ್ಲ, ನಟ.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಅದೇ ಧಾರಾವಾಹಿಯ ಸೈಬರ್‌ಮನ್‌ಗಳು, ಎಂದರೆ ತಮ್ಮ ಮೈಯನ್ನು ಯಂತ್ರವಾಗಿಸಿಕೊಂಡ ಜೀವಿಗಳು. 1967ರ 'ದಿ ಮೂನ್‌ಬೇಸ್' ಕಥೆಗಾಗಿ ಹಾಕಿನ್ಸ್ ತಮ್ಮ ಅಂಗುಳಕ್ಕೆ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿನಂತಹ ಒಂದು ತಟ್ಟೆಯನ್ನು ಕೂರಿಸಿಕೊಂಡರು. ಅದಕ್ಕೆ ಅಂಟಿಕೊಂಡಿದ್ದ ಸಣ್ಣ ಸ್ಪೀಕರಿನಿಂದ ಏರಿಳಿತವಿಲ್ಲದ ಒಂದು ಝೇಂಕಾರ ಬಾಯಿಯೊಳಗೇ ಹೊರಡುತ್ತಿತ್ತು, ಅವರು ಗಂಟಲಿನಿಂದ ಸದ್ದು ಹೊರಡಿಸದೆ ತುಟಿ, ನಾಲಗೆ, ದವಡೆಗಳಿಂದಲೇ ಆ ಝೇಂಕಾರವನ್ನು ಮಾತಾಗಿ ರೂಪಿಸುತ್ತಿದ್ದರು. ಗಂಟಲ ಧ್ವನಿಪೆಟ್ಟಿಗೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ಕಳೆದುಕೊಂಡವರು ವಿದ್ಯುತ್ ಸಾಧನದ ನೆರವಿನಿಂದ ಮಾತನಾಡುವ ಬಗೆಯೂ ಇದೇ. ಡಾಲೆಕ್‌ನಲ್ಲಿ ಯಂತ್ರ ಬಂದದ್ದು ಕಂಠದ ನಂತರ; ಇಲ್ಲಿ ಯಂತ್ರ ಕಂಠದ ಜಾಗಕ್ಕೇ ಬಂದಿದೆ. ಭಾವನೆಗಳನ್ನು ತಾವೇ ಕತ್ತರಿಸಿ ಎಸೆದ ಆ ಜೀವಿಗಳ ತಣ್ಣಗಿನ ಮಾತು ನಮ್ಮನ್ನು ನಡುಗಿಸುವಾಗ, ಅದರಲ್ಲಿ ಹಾಕಿನ್ಸ್ ಅವರ ಕಂಠದ ಒಂದು ಎಳೆಯೂ ಇಲ್ಲ. ಆದರೂ ಆ ಮಾತು ಅವರದೇ, ಬೇರೆ ಯಾರದೂ ಅಲ್ಲ.

ಕಳೆದ ವರ್ಷ ಇದೇ ಪ್ರಶ್ನೆಯನ್ನು ಹೊತ್ತು ಬಂದ ಒಬ್ಬ ಹುಡುಗಿಯ ದನಿ ಹುಟ್ಟಿನಿಂದಲೇ ಒಡೆದದ್ದು, ನೆಗಡಿಯಾದಾಗ ನಮಗೆ ಇರುತ್ತದಲ್ಲ ಹಾಗೆ. ನಾನು ಆಕೆಗೆ ಈ ಕಥೆಯನ್ನೆಲ್ಲ ಹೇಳಿ, ತಾಯಿ ಮಗನನ್ನು ಮನೆಯಿಂದ ಹೊರಗೆ ಹಾಕುವ ಒಂದು ಸಣ್ಣ ಸಂಭಾಷಣೆಯನ್ನು ಕೈಗಿತ್ತು, "ಗಂಟಲು ಬಳಸಬೇಡಮ್ಮ, ಬರೀ ಪಿಸುಗುಟ್ಟಿ ಓದು" ಎಂದೆ. ಮೊದಲ ಸಲ ಬರೀ ಅಕ್ಷರಗಳು ಕೇಳಿದವು. ನಾಲ್ಕನೆಯ ಸಲ "ಚಪ್ಪಲಿ ಹಾಕ್ಕೊಂಡು ಹೋಗು, ಬಿಸಿಲಿದೆ" ಎಂಬ ಸಾಲಿಗೆ ಬಂದಾಗ ಆಕೆ 'ಹೋಗು' ಎಂಬಲ್ಲಿ ಒಂದು ಕ್ಷಣ ಉಸಿರು ಹಿಡಿದು ನಿಂತಳು. ಕೋಣೆಯಲ್ಲಿದ್ದ ಉಳಿದ ಹನ್ನೊಂದು ಜನರೂ ತಮ್ಮ ಕೈಲಿದ್ದ ಹಾಳೆಯಿಂದ ತಲೆಯೆತ್ತಿ ಆಕೆಯ ಕಡೆ ನೋಡಿದರು.