ಊಟ ಬಿಟ್ಟ ಹಾವಿಗೆ ಏನು ಕೊಡಬೇಕು?

ಹಾವು, ಹಲ್ಲಿ, ಆಮೆ ಸಾಕುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ತಿನ್ನುವುದನ್ನು ಬಿಟ್ಟಿದೆ, ಬೇರೆ ಏನು ಕೊಡಲಿ?" ಅದರ ಗೂಡಿನಲ್ಲಿ ಶಾಖ ಎಷ್ಟಿದೆ ಎಂದು ನಾನು ತಿರುಗಿ ಕೇಳುತ್ತೇನೆ.

ಸರೀಸೃಪದ ಹಸಿವು ಅದರ ಮೈಯ ಬಿಸಿಗೆ ಕಟ್ಟುಬಿದ್ದಿದೆ. ಆ ಬಿಸಿ ಹೊರಗಿನಿಂದಲೇ ಬರಬೇಕು. ಶಾಖ ಸಾಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕಿಬಿಡುತ್ತದೆ. ಆಸ್ಟ್ರೇಲಿಯಾದ ಒಣನೆಲದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಮೈ ಕಾಯಿಸಿಕೊಳ್ಳುವ ಕಲ್ಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು, ಗೂಡಿನ ಇನ್ನೊಂದು ತುದಿ 25ರ ಆಸುಪಾಸು. ಬಹಳಷ್ಟು ಜನ ಥರ್ಮಾಮೀಟರನ್ನು ಗಾಜಿನ ಗೋಡೆಗೆ ಅಂಟಿಸಿ ನಿಶ್ಚಿಂತರಾಗುತ್ತಾರೆ. ದಯವಿಟ್ಟು ಪ್ರಾಣಿ ಮಲಗುವ ಜಾಗದಲ್ಲೇ ಅಳೆಯಿರಿ.

ಶಾಖ ಸರಿಯಿದ್ದರೆ ಮುಂದಿನ ಅನುಮಾನ ಬೆಳಕಿನ ಮೇಲೆ. ಹಗಲು ಓಡಾಡುವ ಹಲ್ಲಿ, ಆಮೆಗಳ ಚರ್ಮ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣದ ನೆರವಿನಿಂದ ಡಿ3 ವಿಟಮಿನ್ ತಯಾರಿಸುತ್ತದೆ. ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಹಳೆಯ ಯುವಿಬಿ ದೀಪ ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಆದರೆ ಕಿರಣ ಕುಗ್ಗಿರುತ್ತದೆ. ಮೂಳೆ ಮೆತ್ತಗಾದ ಹಲ್ಲಿಯ ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಕಾಲ್ಬೆರಳು ಅದುರುತ್ತವೆ. ಹಸಿವಿದ್ದರೂ ಹುಳುವನ್ನು ಅಗಿಯಲಾಗದ ಆ ಸ್ಥಿತಿಯನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಇದನ್ನು ಪೂರ್ತಿ ತಪ್ಪಿಸಬಹುದು.

ನೀರಿನಲ್ಲೇ ಬಾಳುವ ಉಭಯಚರವಾದ ಮೆಕ್ಸಿಕೊದ ಆಕ್ಸೊಲಾಟಲ್‌ನದು ಇದಕ್ಕೆ ತದ್ವಿರುದ್ಧ. 16ರಿಂದ 18 ಡಿಗ್ರಿಯ ತಣ್ಣನೆಯ ನೀರೇ ಅದಕ್ಕೆ ಹಿತ. 24 ದಾಟಿದರೆ ನರಳುತ್ತದೆ, ಊಟ ಬಿಡುತ್ತದೆ. ಕಪ್ಪೆಗಳು ಚರ್ಮದಿಂದಲೇ ನೀರು ಹೀರುವುದರಿಂದ ಕ್ಲೋರಿನ್ ಬೆರೆತ ನೀರನ್ನು ಶುದ್ಧಿಗೊಳಿಸದೆ ಹಾಕಲೇಬಾರದು.

ಹಾಗೆಂದು ಎಲ್ಲ ಉಪವಾಸವೂ ಕಾಯಿಲೆಯಲ್ಲ. ಪೊರೆ ಬಿಡುವ ಮುನ್ನ ಕಣ್ಣು ಮಂಜಾದ ಹಾವು ತಿನ್ನುವುದಿಲ್ಲ. ಬೆಳೆದ ಬಾಲ್ ಪೈಥಾನ್ ಹೆಬ್ಬಾವು, ಅದರಲ್ಲೂ ಗಂಡು, ಸಂತಾನಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿದ್ದು ಆರೋಗ್ಯವಾಗಿಯೇ ಇರಬಲ್ಲದು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ನಿಂತಿದ್ದರೆ ಕಾಯಿರಿ, ಬಾಯಿ ಬಿಡಿಸಿ ತುರುಕಬೇಡಿ. ಇಳಿಯುತ್ತಾ ಹೋದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಹೋಗಿ; ತೂಕದ ಪಟ್ಟಿಯ ಜೊತೆಗೆ ಗೂಡಿನ ಎರಡೂ ತುದಿಯ ಶಾಖವನ್ನು ಬರೆದುಕೊಂಡು ಹೋಗಿ, ಅವರೂ ಮೊದಲು ಅದನ್ನೇ ಕೇಳುತ್ತಾರೆ.