ಮೇರಿ ರಾಣಿಯ ಹೃದಯ ಸಾಗಿದ ದಾರಿ: ಬಾಲ್ಚಿಕ್, ಬ್ರಾನ್, ಸಿನಾಯಾ

ರುಮೇನಿಯಾದ ಬ್ರಾನ್ ಕೋಟೆಗೆ ಹೋಗುವವರಲ್ಲಿ ಹೆಚ್ಚಿನವರು ಡ್ರಾಕುಲಾನನ್ನು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ನಿಜವಾಗಿ ಬಾಳಿದವಳು ಮೇರಿ. 1875ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಹುಟ್ಟಿದ ಈಕೆ ವಿಕ್ಟೋರಿಯಾ ರಾಣಿಯ ಮೊಮ್ಮಗಳು. 17ನೇ ವಯಸ್ಸಿಗೆ ಯುವರಾಜ ಫರ್ಡಿನೆಂಡ್‌ನ ಕೈಹಿಡಿದು ಬಂದು, 1914ರಲ್ಲಿ ರಾಣಿಯಾದಳು. ತಾನು ಸತ್ತ ಮೇಲೆ ಹೃದಯವನ್ನು ಬಾಲ್ಚಿಕ್‌ನಲ್ಲಿ ಇಡಬೇಕೆಂದು ಕೇಳಿಕೊಂಡಿದ್ದಳು. ಆ ಹೃದಯ ಸಾಗಿದ ಕ್ರಮದಲ್ಲೇ ಊರುಗಳನ್ನು ನೋಡುವುದು ಒಳ್ಳೆಯದು.

ಬಾಲ್ಚಿಕ್ ಈಗ ಬಲ್ಗೇರಿಯಾದಲ್ಲಿದೆ. ವಾರ್ನಾದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. 2025ರ ಜನವರಿಯಿಂದ ಎರಡೂ ದೇಶಗಳಿಗೆ ಒಂದೇ ಶೆಂಗೆನ್ ವೀಸಾ ಸಾಕಾಗಿರುವುದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ಸುತ್ತು ಸಲೀಸು. ಕಪ್ಪು ಸಮುದ್ರದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟ, ಕೆಳಗೆ ಮಿನಾರು ಇರುವ ಬೇಸಿಗೆ ಮನೆ, ಮೇಲೆ ಸ್ಟೆಲ್ಲಾ ಮಾರಿಸ್ ಎಂಬ ಪುಟ್ಟ ಪ್ರಾರ್ಥನಾಮಂದಿರ. 1938ರಲ್ಲಿ ಹೃದಯವಿದ್ದ ಬೆಳ್ಳಿಯ ಪೆಟ್ಟಿಗೆ ಬಂದದ್ದು ಇಲ್ಲಿಗೆ. 1940ರಲ್ಲಿ ಈ ಪ್ರದೇಶ ಬಲ್ಗೇರಿಯಾದ ಪಾಲಾದಾಗ ಅದನ್ನು ಬ್ರಾನ್‌ಗೆ ಒಯ್ದರು.

ಬ್ರಾನ್‌ಗೆ ಬ್ರಾಶೋವ್‌ನಿಂದ ಸುಮಾರು 30 ಕಿ.ಮೀ. ಎಡವಟ್ಟಾಗುವುದು ಬಸ್ ನಿಲ್ದಾಣದ ವಿಷಯದಲ್ಲಿ. ರೈಲು ನಿಲ್ದಾಣದ ಪಕ್ಕದ್ದು ಒಂದನೇ ಬಸ್ ನಿಲ್ದಾಣ. ಬ್ರಾನ್ ಬಸ್ಸು ಸಾಮಾನ್ಯವಾಗಿ ಹೊರಡುವುದು ಊರಿನ ಇನ್ನೊಂದು ದಿಕ್ಕಿನಲ್ಲಿರುವ ಎರಡನೆಯದರಿಂದ. ಕೋಟೆಯ ಮೆಟ್ಟಿಲುಗಳು ಇಕ್ಕಟ್ಟು, ಜನ ಸಾಲಾಗಿಯೇ ಸರಿಯಬೇಕು. ಶನಿವಾರ, ಭಾನುವಾರ ಬೇಡವೇ ಬೇಡ. ವಾರದ ನಡುವೆ ಬಾಗಿಲು ತೆರೆಯುತ್ತಿದ್ದಂತೆ ಒಳಗಿರಬೇಕು.

1920ರ ಡಿಸೆಂಬರ್ 1ರಂದು ಬ್ರಾಶೋವ್ ನಗರಸಭೆ ಈ ಕೋಟೆಯನ್ನು ಮೇರಿಗೆ ಉಡುಗೊರೆಯಾಗಿ ಕೊಟ್ಟಿತು. ಅದಕ್ಕೆ ಕಾರಣವಿತ್ತು. ಮೊದಲ ಮಹಾಯುದ್ಧದ ನಡುವೆ, 1916ರ ನವೆಂಬರಿನಲ್ಲಿ, ನಾಲ್ಕು ತುಂಬದ ಮಗ ಮಿರ್ಚಾ ಟೈಫಾಯ್ಡ್‌ನಿಂದ ತೀರಿಕೊಂಡ. ಕೆಲವೇ ವಾರಗಳಲ್ಲಿ ರಾಜಧಾನಿ ಬುಕಾರೆಸ್ಟ್ ಶತ್ರುಗಳ ಕೈಗೆ ಸಿಕ್ಕಿತು. ಯಾಶ್ ನಗರಕ್ಕೆ ಸರಿದ ಮೇರಿ ಅಲ್ಲಿ ಟೈಫಸ್ ರೋಗಿಗಳಿಂದ ತುಂಬಿದ ಸೈನಿಕ ಆಸ್ಪತ್ರೆಗಳಲ್ಲಿ ಸೇವೆಗೆ ನಿಂತಳು. 1919ರಲ್ಲಿ ಪ್ಯಾರಿಸ್‌ಗೆ ಹೋಗಿ, ಯುದ್ಧಾನಂತರದ ಶಾಂತಿ ಸಮ್ಮೇಳನದ ಹೊತ್ತಿನಲ್ಲಿ ರುಮೇನಿಯಾದ ಪರ ವಾದಿಸಿದಳು. ಬ್ರಾಶೋವ್, ಬ್ರಾನ್ ಇರುವ ಟ್ರಾನ್ಸಿಲ್ವೇನಿಯಾ ಪ್ರದೇಶ ರುಮೇನಿಯಾಕ್ಕೆ ಸೇರಿದ್ದರಲ್ಲಿ ಆಕೆಯ ಪಾಲನ್ನು ಬ್ರಾಶೋವ್‌ನವರು ಬಲ್ಲರು. ಕೋಟೆಯ ಬಾವಿಯೊಳಗೆ 1930ರ ದಶಕದಲ್ಲಿ ಆಕೆ ಕೂರಿಸಿದ ಲಿಫ್ಟಿನ ಸುರಂಗಕ್ಕೆ ಬೇರೆ ಟಿಕೆಟ್. ಹೃದಯವಿದ್ದ ಜಾಗ ಕೋಟೆಯೊಳಗಿಲ್ಲ, ಎದುರಿನ ಬಂಡೆಯಲ್ಲಿ ಕೊರೆದ ಗುಹೆಯಲ್ಲಿದೆ. ಬಹಳ ಮಂದಿ ಅದನ್ನು ನೋಡದೆಯೇ ವಾಪಸಾಗುತ್ತಾರೆ.

ಬ್ರಾಶೋವ್‌ನಿಂದ ಸಿನಾಯಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ, ನಿಲ್ದಾಣದಿಂದ ಅರಮನೆಗಳಿಗೆ ಅರ್ಧ ಗಂಟೆ ಏರುದಾರಿ. ಸೋಮವಾರ ಹೋಗಬೇಡಿ, ಮುಚ್ಚಿರುತ್ತದೆ. ಎಲ್ಲರೂ ಪೆಲೆಶ್ ಅರಮನೆಯ ಸಾಲಿನಲ್ಲಿ ನಿಂತು ಹೊತ್ತು ಕಳೆಯುತ್ತಾರೆ. ಮೇರಿಯ ಮನೆ ಪಕ್ಕದ ಪೆಲಿಶೋರ್, ಅದರ ಟಿಕೆಟ್ ಬೇರೆ. ಮೊದಲು ಅಲ್ಲಿಗೇ ಹೋಗಿ. ಅಲ್ಲಿನ ಚಿನ್ನದ ಕೋಣೆ ಆಕೆಯದೇ ಕಲ್ಪನೆ: ಗೋಡೆಯ ತುಂಬ ಗಾರೆಯಲ್ಲಿ ಎಬ್ಬಿಸಿ ಚಿನ್ನದ ಬಣ್ಣ ಬಳಿದ ಥಿಸಲ್ ಎಂಬ ಮುಳ್ಳುಗಿಡದ ಎಲೆಗಳು, ಮುಳ್ಳಂಚು ಸಮೇತ. ಥಿಸಲ್ ಸ್ಕಾಟ್ಲೆಂಡಿನ ಲಾಂಛನ, ಆಕೆಯ ತಂದೆ ಎಡಿನ್‌ಬರೋದ ಡ್ಯೂಕ್. 1938ರ ಜುಲೈ 18ರಂದು ಆಕೆ ಕಣ್ಣುಮುಚ್ಚಿದ್ದು ಇದೇ ಕೋಣೆಯಲ್ಲಿ. ದಶಕಗಳ ಕಾಲ ಬುಕಾರೆಸ್ಟಿನ ವಸ್ತುಸಂಗ್ರಹಾಲಯದಲ್ಲಿದ್ದ ಹೃದಯವನ್ನು 2015ರ ನವೆಂಬರ್ 3ರಂದು ಇಲ್ಲಿಗೆ ತಂದರು.

ದೇಹದ ಸಮಾಧಿ ಪಿತೇಶ್ತಿಯಿಂದ ಸುಮಾರು 35 ಕಿ.ಮೀ. ದೂರದ ಕುರ್ತೆಯಾ ದೆ ಆರ್ಜೆಶ್‌ನಲ್ಲಿದೆ. ಸಿನಾಯಾದಿಂದ ಬುಕಾರೆಸ್ಟ್‌ಗೆ ಮರಳಿ ಅಲ್ಲಿಂದ ಹೊರಡುವುದೇ ಸುಲಭ. ಆವರಣದಲ್ಲಿ ಎರಡು ದೊಡ್ಡ ಚರ್ಚುಗಳಿವೆ. ಹೊಸದರಲ್ಲಿರುವುದು ಮೊಮ್ಮಗ ಮಿಹಾಯ್ ದೊರೆಯ ಸಮಾಧಿ. ಮೇರಿ ಮತ್ತು ಫರ್ಡಿನೆಂಡ್ ಇರುವುದು 16ನೇ ಶತಮಾನದ ಹಳೆಯದರಲ್ಲಿ.