ನಾಲ್ಕು ದಿನದ ಮ್ಯಾನೇಜರ್

ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿಗೆ ಬಂದು ನೆಲೆಸಿದ ಮೇಲೂ ನಾನು ಬೇಸ್‌ಬಾಲ್ ಕಡೆ ತಲೆ ಹಾಕಿರಲಿಲ್ಲ. 2019ರ ಆಗಸ್ಟಿನ ಒಂದು ಶುಕ್ರವಾರ ಆಫೀಸಿನ ಗೆಳೆಯ ಬಿಡದೆ ಎಳೆದುಕೊಂಡು ಹೋದ. ನ್ಯೂಯಾರ್ಕಿನ ದೊಡ್ಡ ಲೀಗಿನ ತಂಡ ಮೆಟ್ಸ್ ಮ್ಯಾಚಿಗಲ್ಲ, ಸೆಂಟ್ರಲ್ ಐಸ್ಲಿಪ್‌ನಲ್ಲಿ ಆಡುವ ಲಾಂಗ್ ಐಲ್ಯಾಂಡ್ ಡಕ್ಸ್ ಮ್ಯಾಚಿಗೆ. ‘ಆಟ ಆಮೇಲೆ, ಮೊದಲು ಮ್ಯಾನೇಜರನ್ನು ನೋಡು’ ಅಂದ.

ಮ್ಯಾನೇಜರ್ ಅಂದರೆ ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಥರ ರೂಮು, ಬಸ್ಸು ನೋಡಿಕೊಳ್ಳುವವನಲ್ಲ. ಇಡೀ ಆಟ ನಡೆಸುವವನೇ ಅವನು. ಆಟಗಾರರ ಸಮವಸ್ತ್ರವನ್ನೇ ಹಾಕಿಕೊಂಡು ಕೂರುತ್ತಾನೆ. ಐವತ್ತೊಂಬತ್ತರ ವಾಲಿ ಬ್ಯಾಕ್‌ಮನ್ ಹಾಗೇ ಡಗೌಟ್ ಕಂಬಿಗೆ ಒರಗಿ ನಿಂತಿದ್ದ. ಗಿಡ್ಡ ಆಳು. ಬಾಯಿ ಸುಮ್ನೆ ಇರುತ್ತಲೇ ಇರಲಿಲ್ಲ.

1986ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ದೊಡ್ಡ ಲೀಗಿನ ಫೈನಲ್, ಗೆದ್ದ ಮೆಟ್ಸ್ ತಂಡದಲ್ಲಿ ಸೆಕೆಂಡ್ ಬೇಸ್ ಕಾಯುತ್ತಿದ್ದ ಆಟಗಾರ ಈತ. 2004ರ ನವೆಂಬರ್ 1ರಂದು ಅರಿಝೋನಾ ಡೈಮಂಡ್‌ಬ್ಯಾಕ್ಸ್ ಅನ್ನುವ ದೊಡ್ಡ ಲೀಗಿನ ತಂಡ ಈತನಿಗೆ ಮ್ಯಾನೇಜರ್ ಹುದ್ದೆ ಕೊಟ್ಟಿತು. ಬೆನ್ನಿಗೇ ಪತ್ರಿಕೆಯವರು ಹಳೆಯದನ್ನು ಕೆದಕಿದರು. ಕುಡಿದು ಕಾರು ಓಡಿಸಿದ ಕೇಸು, ಮನೆಯಲ್ಲಿ ಗಲಾಟೆಯಾಗಿ ಅರೆಸ್ಟ್, ದಿವಾಳಿ ಅರ್ಜಿ. ನಾಲ್ಕೇ ದಿನಕ್ಕೆ ಕೆಲಸ ಹೋಯಿತು. ಒಂದು ಮ್ಯಾಚೂ ನಡೆಸಲಿಲ್ಲ. ನಮ್ಮ ಸಾಲಿನಲ್ಲಿ ಇದನ್ನು ಜೋಕ್ ಥರ ಹೇಳಿಕೊಂಡು ನಗುತ್ತಿದ್ದರು. ನನಗೇಕೋ ನಗು ಬರಲಿಲ್ಲ. ಮನೆಯವರ ಪಾಡೇನಾಗಿತ್ತೋ?

ಆಮೇಲೆ ಆತನಿಗೆ ಬಾಗಿಲು ತೆಗೆದದ್ದು ಸ್ವತಂತ್ರ ಲೀಗುಗಳು. ಇಲ್ಲಿನ ತಂಡಗಳ ಹಿಂದೆ ದೊಡ್ಡ ಕ್ಲಬ್ ಇಲ್ಲ. ಮೇಲಿನಿಂದ ಆಟಗಾರರು ಬರುವುದಿಲ್ಲ. ಬೇರೆ ಕಡೆ ಕೈಬಿಟ್ಟವರನ್ನು ತಾವೇ ಹುಡುಕಿ ಕರೆತರಬೇಕು. 2007ರಲ್ಲಿ ಸೌತ್ ಜಾರ್ಜಿಯಾ ಪೀನಟ್ಸ್ ತಂಡಕ್ಕೆ ಲೀಗ್ ಗೆಲ್ಲಿಸಿಕೊಟ್ಟ. ಆ ಲೀಗೇ ಒಂದು ವರ್ಷಕ್ಕೆ ಮುಚ್ಚಿತು, ಅದು ಬೇರೆ ಮಾತು. ಅದೇ ಸೀಸನ್‌ನಲ್ಲಿ ಅಂಪೈರ್ ಮೇಲೆ ರೇಗಿ ಬ್ಯಾಟುಗಳನ್ನೆಲ್ಲ ಮೈದಾನಕ್ಕೆ ಎಸೆದ ವಿಡಿಯೋ ಈಗಲೂ ಓಡುತ್ತದೆ. ಮುಂದೆ ಮೆಟ್ಸ್ ತನ್ನ ಕೆಳಗಿನ ತಂಡಗಳಲ್ಲಿ ಕೆಲಸ ಕೊಟ್ಟಿತು, 2016ರಲ್ಲಿ ಅದೂ ಮುಗಿಯಿತು. ಆಮೇಲೆ ಡಕ್ಸ್ ಕರೆಯಿತು. ಆಗ ಆ ಕ್ಲಬ್ಬಿನ ಮಾಲೀಕರಲ್ಲಿ ಒಬ್ಬರಾಗಿದ್ದ ಬಡ್ ಹ್ಯಾರೆಲ್ಸನ್, 1986ರ ಅದೇ ಮೆಟ್ಸ್ ತಂಡದ ಥರ್ಡ್ ಬೇಸ್ ಕೋಚ್. ಹಳೇ ಪರಿಚಯ ಎಲ್ಲ ಊರಲ್ಲೂ ನಡೆಯುತ್ತೆ, ಅಲ್ವಾ?

ನಾನು ಕಾದದ್ದು ಜಗಳಕ್ಕೆ. ಆದರೆ ಆ ಬೇಸಿಗೆ ಡಕ್ಸ್ ಆಡುವ ಸ್ವತಂತ್ರ ಲೀಗಾದ ಅಟ್ಲಾಂಟಿಕ್ ಲೀಗ್‌ನಲ್ಲಿ ರೋಬೋ ಅಂಪೈರ್ ಪ್ರಯೋಗ ಶುರುವಾಗಿತ್ತು. ಚೆಂಡನ್ನು ರೇಡಾರ್ ಅಳೆಯುತ್ತದೆ, ಅಂಪೈರ್ ಕಿವಿಯ ಇಯರ್‌ಫೋನಿಗೆ ಸರಿಯಾದ ಜಾಗಕ್ಕೆ ಬಂದಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್ ಅಂತ ಕೇಳಿಸುತ್ತದೆ, ಆತ ಅದನ್ನೇ ಕೂಗುತ್ತಾನೆ. ಒಂದು ಚೆಂಡು ನಮಗೂ ತಪ್ಪೆನಿಸಿತು. ಬ್ಯಾಕ್‌ಮನ್ ಎರಡು ಮೆಟ್ಟಿಲು ಹತ್ತಿ ಬಂದ, ಬಾಯಿ ತೆರೆದ, ಅಂಪೈರ್ ಸುಮ್ಮನೆ ಕಿವಿ ತೋರಿಸಿದ. ಪಾಪ, ಬೈಯುವುದಾದರೂ ಯಾರಿಗೆ? ಟೋಪಿ ತೆಗೆದು, ತಲೆ ಕೆರೆದುಕೊಂಡು ವಾಪಸ್ ಹೋದ. ಗೆಳೆಯನಿಗೆ ದುಡ್ಡು ದಂಡವಾದ ಹಾಗಾಯಿತು.

ಉಳಿದ ಹೊತ್ತು ನಾನು ಆತನ ಕೈ ನೋಡಿದೆ. ಮೂಗು, ಟೋಪಿ, ಮೊಣಕೈ ಮುಟ್ಟಿ ಸನ್ನೆ. ಔಟಾಗಿ ಬಂದ ಹುಡುಗನ ಹೆಗಲ ಮೇಲೆ ಕೈಯಿಟ್ಟು ಉದ್ದಕ್ಕೆ ಏನೋ ಹೇಳಿದ. ಆ ಹುಡುಗ ಎಲ್ಲಿ ಕೆಲಸ ಕಳೆದುಕೊಂಡು ಬಂದಿದ್ದನೋ.

ಆ ಸೀಸನ್ ಕೊನೆಗೆ ಡಕ್ಸ್ ಲೀಗ್ ಗೆದ್ದಿತು. ಗೆಳೆಯನಿಗೆ ಫೋನ್ ಮಾಡಿ, ಇನ್ನಾದರೂ ಮೇಲಿನ ಲೀಗಿನವರು ಕರೀತಾರಾ ಅಂತ ಕೇಳಿದೆ. ‘ಕರೆಯದಿರಲಿ, ಇಲ್ಲಿ ಪಾರ್ಕಿಂಗ್ ಸುಲಭ’ ಅಂದ.